ಮಾವಯ್ಯನ ತಂಪು ಮೂಲೆ

ದೊಡ್ಡಾಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ಆಕೆಯ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಬರೆಯುವ ಗುಮಾಸ್ತನಿಗೆ ಮಾತ್ರ. ಉಳಿದವರಿಗೆಲ್ಲ ಆಕೆ ಕಂಬಳಿ ಸಿಸ್ಟರ್. ದೊಡ್ಡ ಡಾಕ್ಟರರೂ ಹಾಗೇ ಕರೆಯುತ್ತಿದ್ದರು, ನೆಲ ಒರೆಸುವವರೂ ಹಾಗೇ ಕರೆಯುತ್ತಿದ್ದರು. ಯಾವ ಕೂಸು ಬಂದರೂ ಆಕೆ ಮುಖಕ್ಕಿಂತ ಮೊದಲು ನೋಡುತ್ತಿದ್ದದ್ದು ಪಾದವನ್ನು. ಪಾದವನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹೂಂ ಅನ್ನುವುದೋ ಹುಬ್ಬು ಗಂಟಿಕ್ಕುವುದೋ ಮಾಡುತ್ತಿದ್ದಳು. ಹುಬ್ಬು ಗಂಟಿಕ್ಕಿತೆಂದರೆ ಮುಗಿಯಿತು. ಕಿಟಕಿ ಮುಚ್ಚಬೇಕು, ಫ್ಯಾನು ನಿಲ್ಲಬೇಕು, ಬಾಗಿಲಲ್ಲಿ ನಿಂತು ಹರಟುವವರು ಒಳಗೋ ಹೊರಗೋ ಒಂದು ಕಡೆ ಸೇರಬೇಕು, ಟೋಪಿ, ಕಾಲುಚೀಲ, ಕಂಬಳಿ ಎಲ್ಲ ಬರಬೇಕು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಸೆಕೆ ತಾಳಲಾರದೆ ಕಿಟಕಿ ತೆರೆದುಬಿಟ್ಟರು. "ಸಾರ್, ನಿಮಗೆ ಸೆಕೆ ಆದ್ರೆ ನೀವು ನಡ್ಕೊಂಡು ಆಚೆ ಹೋಗಬಹುದು. ಇವು ಹೋಗೋಕಾಗುತ್ತಾ?" ಎಂದು ಕೇಳಿದಳು. ಅಧಿಕಾರಿ ತಾವೇ ಕಿಟಕಿ ಮುಚ್ಚಿ ಬೆವರು ಒರೆಸಿಕೊಳ್ಳುತ್ತ ಉಳಿದ ತಪಾಸಣೆ ಮುಗಿಸಿದರು.

ಈ ಹುಚ್ಚಿಗೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಚಳಿಗಾಲದ ಬೆಳಿಗ್ಗೆ, ಯಾರೋ ದೂರದಿಂದ ಒಂದು ಕೂಸನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಕೂಸಿಗೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ. ದಾರಿಯುದ್ದಕ್ಕೂ ತಣ್ಣಗಾಗುತ್ತ ಬಂದಿತ್ತು, ಅಷ್ಟೆ. ಆಕೆ ಅದನ್ನು ಎದೆಗೆ ಅವುಚಿಕೊಂಡು ಮಧ್ಯಾಹ್ನದವರೆಗೆ ಕೂತಳು. ಮೈಗೆ ಕಾವು ಹತ್ತಲೇ ಇಲ್ಲ. ಆಕೆಯ ತಪ್ಪೇನೂ ಇಲ್ಲವೆಂದು ಎಲ್ಲರೂ ಹೇಳಿದರು, ಅದು ನಿಜವೂ ಹೌದು. ಆದರೆ ಆ ಪಾದದ ತಣುಪು ಅವಳ ಅಂಗೈ ಬಿಟ್ಟು ಹೋಗಲಿಲ್ಲ. ಮರುವಾರ ಮನೆಯ ಹಳೆಯ ಕಂಬಳಿಯನ್ನು ತುಂಡು ಮಾಡಿ, ಅಂಚು ಹೊಲಿದು, ಮಡಿಸಿ ತಂದಳು. ಹೆಸರು ಹುಟ್ಟಿದ್ದು ಆಗ.

ಆಮೇಲೆ ಅವಳ ಸ್ವಂತ ಮಗಳೇ ತಿಂಗಳು ತುಂಬುವ ಮೊದಲು ಹುಟ್ಟಿ, ಅದೇ ವಾರ್ಡಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದಳು. ಪೆಟ್ಟಿಗೆಯ ಪಕ್ಕದ ತೂತುಗಳಲ್ಲಿ ಕೈ ತೂರಿಸಿ ಆ ಹಿಡಿಯಷ್ಟು ಜೀವವನ್ನು ಮುಟ್ಟಿ ನೋಡುವುದೇ ತಾಯಿಗೆ ಉಳಿದ ಭಾಗ್ಯ. ಪೆಟ್ಟಿಗೆಯೊಳಗೆ ಎಲ್ಲ ಮೂಲೆಯಲ್ಲೂ ಒಂದೇ ಸಮ ಶಾಖ ಇರಬೇಕು, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗಕೂಡದು ಎನ್ನುವುದು ಆ ವಾರ್ಡಿನ ಮೊದಲ ಪಾಠ. ಆ ಪಾಠವೇ ಮಗಳನ್ನು ಉಳಿಸಿತು. ಮಗಳನ್ನು ಉಳಿಸಿದ ಪಾಠವನ್ನು ಯಾವ ತಾಯಿ ತಾನೇ ಮರೆಯುತ್ತಾಳೆ? ಮಗಳು ಪೆಟ್ಟಿಗೆಯಿಂದ ಹೊರಗೆ ಬಂದಳು, ಶಾಲೆಗೆ ಹೋದಳು, ಅಮ್ಮನಿಗಿಂತ ಎತ್ತರ ಬೆಳೆದಳು, ಹಳೆಯ ಸೇತುವೆಗಳ ಗಟ್ಟಿತನ ಪರೀಕ್ಷೆ ಮಾಡುವ ಎಂಜಿನಿಯರ್ ಆದಳು. ತಾಯಿಯ ಮಟ್ಟಿಗೆ ಮಾತ್ರ ಪೆಟ್ಟಿಗೆ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೆ.

ಮನೆಯನ್ನು ನೋಡಿದರೆ ಇದು ಗೊತ್ತಾಗುತ್ತಿತ್ತು. ಕಿಟಕಿಗಳ ಸಂದಿಗೆಲ್ಲ ಬಟ್ಟೆಯ ಪಟ್ಟಿ. ಬಾಗಿಲ ಕೆಳಗೆ ಗಾಳಿ ನುಗ್ಗದಂತೆ ಉದ್ದನೆಯ ದಿಂಬು. ಸೋಫಾದ ಮೇಲೊಂದು ಕಂಬಳಿ, ಕುರ್ಚಿಯ ಬೆನ್ನಿಗೊಂದು ಶಾಲು. ಗಂಡ ಬಸ್ ಡ್ರೈವರ್ ಆಗಿದ್ದವನು, ಈಗ ಅವಳ ಹಾಗೇ ಕೆಲಸದಿಂದ ನಿವೃತ್ತ. ಜೀವಮಾನವಿಡೀ ಕುದಿಯುವ ಎಂಜಿನ್ನಿನ ಪಕ್ಕ ಕೂತು ಬೆಂದ ಮನುಷ್ಯನಿಗೆ ಈಕೆ ತೋಳು ತುಂಬ ಸ್ವೆಟರ್ ಹಾಕಿಸುತ್ತಿದ್ದಳು. ಆತ ಮರುಮಾತಾಡದೆ ಹಾಕಿಕೊಳ್ಳುತ್ತಿದ್ದ. ಸಂಜೆಯಾದರೆ ಮಾತ್ರ ಮುಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಮದುವೆಯಾದ ಹೊಸತರಿಂದ ಹಿಡಿದು ಇವತ್ತಿನವರೆಗೆ ಆ ಪದ್ಧತಿ ತಪ್ಪಿರಲಿಲ್ಲ. ರಸ್ತೆಯಲ್ಲಿ ಬಸ್ಸುಗಳು ಓಡಾಡುವುದನ್ನು ನೋಡುವ ಆಸೆ, ಡ್ರೈವರನ ಬುದ್ಧಿ ಎಂದು ಆಕೆ ಅಂದುಕೊಂಡಿದ್ದಳು.

ಮಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಚಳಿಯ ದಿನ ಅವಳು ಆಫೀಸಿನ ದೊಡ್ಡ ಕೋಣೆಯಲ್ಲಿ ಹತ್ತಾರು ಜನರೆದುರು ಯಾವುದೋ ಸೇತುವೆಯ ಬಿರುಕಿನ ಬಗ್ಗೆ ಮಾತಾಡುತ್ತಿದ್ದಾಗ ಬಾಗಿಲು ತೆರೆಯಿತು. ತಾಯಿ ಸ್ವೆಟರ್ ಹಿಡಿದು ಒಳಗೆ ಬಂದು, ಮಗಳ ಕತ್ತು ಮುಟ್ಟಿ ನೋಡಿ, "ನೋಡು, ಎಷ್ಟು ತಣ್ಣಗಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕೂತಿದ್ದವರು ನಗು ತಡೆದುಕೊಂಡರು. ಆ ಸಂಜೆ ಮಗಳು ಬಟ್ಟೆ ತುಂಬುತ್ತ, "ಅಮ್ಮ, ನನಗೆ ಈ ಮನೇಲಿ ಉಸಿರು ಕಟ್ಟುತ್ತೆ" ಎಂದಳು. ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ ಹಿಡಿದಳು. ರಜೆಯ ದಿನ ಬರುತ್ತಿದ್ದಳು, ನಿಜ. ಆದರೆ ಕೈಚೀಲ ತೊಡೆಯ ಮೇಲೇ ಇಟ್ಟುಕೊಂಡು ಕೂರುತ್ತಿದ್ದಳು, ಬಸ್ಸಿಗೆ ಕಾಯುವವರ ಹಾಗೆ. ಕಾಫಿ ಕುಡಿದ ಕೂಡಲೆ ಏಳುತ್ತಿದ್ದಳು. ಎರಡು ವರ್ಷದಲ್ಲಿ ಒಂದು ರಾತ್ರಿಯೂ ಆ ಮನೆಯಲ್ಲಿ ಮಲಗಲಿಲ್ಲ.

ಅಂಥ ಮಗಳು ಒಂದು ದಿನ ಬಾಡಿಗೆ ಗಾಡಿಯಲ್ಲಿ ಉದ್ದನೆಯ ಗಾಜಿನ ಪೆಟ್ಟಿಗೆ ಹೇರಿಕೊಂಡು ಬಂದಳು. ಅವಳನ್ನು ದೂರದ ಒಂದು ಸೇತುವೆಯ ಕೆಲಸಕ್ಕೆ ಕೆಲವು ತಿಂಗಳ ಮಟ್ಟಿಗೆ ಕಳಿಸುತ್ತಿದ್ದರು. ಅಲ್ಲಿ ಡೇರೆಯ ವಾಸ. ಅವಳು ಸಾಕಿಕೊಂಡಿದ್ದ ಪ್ರಾಣಿಗೆ ಅಲ್ಲಿ ಜಾಗವಿಲ್ಲ. ಪ್ರಾಣಿಯೆಂದರೆ ಬೆಕ್ಕಲ್ಲ, ನಾಯಿಯಲ್ಲ. ಮೊಣಕೈಯಷ್ಟು ಉದ್ದದ ಒಂದು ಓತಿಕ್ಯಾತ. ಗಲ್ಲದ ಕೆಳಗೆ ಮುಳ್ಳುಮುಳ್ಳಾದ ಗಡ್ಡ. ಎಲ್ಲೋ ಮರಳುಗಾಡಿನ ಕಡೆಯ ಜಾತಿಯಂತೆ. ಮಗಳು ಅದನ್ನು ತಾತ ಎಂದು ಕರೆಯುತ್ತಿದ್ದಳು.

"ನಿನಗೆ ತಾತ ಆದ್ರೆ ನನಗೆ ಮಾವಯ್ಯ ಆಗಬೇಕು" ಎಂದಳು ಸಿಸ್ಟರ್, ಪೆಟ್ಟಿಗೆಯೊಳಗೆ ಬಗ್ಗಿ ನೋಡುತ್ತ. "ನಮ್ಮ ಮಾವನವರೂ ಹೀಗೇ. ಏನು ಕೇಳಿದ್ರೂ ಒಂದು ಕಣ್ಣಲ್ಲಿ ನೋಡೋರು, ಉತ್ತರ ಕೊಡ್ತಿರಲಿಲ್ಲ."

"ನಮ್ಮಪ್ಪನ್ನ ಯಾಕೆ ಮಧ್ಯೆ ಎಳೀತೀಯ" ಎಂದು ಗಂಡ ಗೊಣಗಿದ. ಹೆಸರಂತೂ ನಿಂತಿತು.

ಮಗಳು ಹಜಾರದ ಮೇಜಿನ ಮೇಲೆ ಪೆಟ್ಟಿಗೆಯನ್ನು ಅಣಿ ಮಾಡಿದ್ದನ್ನು ತಾಯಿ ಪಕ್ಕದಲ್ಲೇ ನಿಂತು ನೋಡಿದಳು. ಮೇಲೆ ತಂತಿ ಜಾಲರಿಯ ಮುಚ್ಚಳ. ಎಡತುದಿಯಲ್ಲಿ ಒಂದು ಚಪ್ಪಟೆ ಕಲ್ಲು, ಅದರ ನೇರಕ್ಕೆ ಮೇಲಿನಿಂದ ಬಿಸಿ ಬಲ್ಬು. ಬಲ್ಬು ಕಲ್ಲಿಗೆ ಎಷ್ಟು ಹತ್ತಿರ ಇರಬೇಕೆಂದು ಮಗಳು ಇಳಿಸಿ ಏರಿಸಿ, ಕಲ್ಲಿನ ಮೇಲೆ ಶಾಖಮಾಪಕ ಇಟ್ಟು, ಕಾದು, ಮತ್ತೆ ಇಳಿಸಿದಳು. ಇನ್ನೊಂದು ಉದ್ದನೆಯ ಟ್ಯೂಬನ್ನು ಎಡದಿಂದ ನಡುವಿನವರೆಗೆ ಕಟ್ಟಿದಳು. ಅದು ಬಿಸಿಗಲ್ಲ, ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯಾವ ಕಿರಣ ಮೂಳೆ ಗಟ್ಟಿ ಮಾಡುತ್ತದೋ ಅದನ್ನು ಕೊಡುವುದಕ್ಕೆ. ಆ ಕಿರಣ ಗಾಜು ದಾಟಿ ಬರುವುದಿಲ್ಲವಾದ್ದರಿಂದ ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಇಟ್ಟರೂ ಪ್ರಯೋಜನವಿಲ್ಲ ಎಂದಳು. ಸಿಸ್ಟರ್ ತಲೆಯಾಡಿಸಿದಳು. ಕಾಮಾಲೆಯ ಕೂಸುಗಳನ್ನು ನೀಲಿ ದೀಪದ ಕೆಳಗೆ ಮಲಗಿಸಿದವಳಿಗೆ ಬೆಳಕಿನಲ್ಲೂ ಔಷಧಿ ಇರುತ್ತದೆಂದು ಹೇಳಿಕೊಡಬೇಕಾಗಿರಲಿಲ್ಲ. ಬಲತುದಿಯಲ್ಲಿ ಮಾತ್ರ ಏನೂ ಇರಲಿಲ್ಲ. ಬೋರಲು ಹಾಕಿದ ಒಡಕು ಮಡಕೆ, ಒಂದು ನೀರಿನ ಬಟ್ಟಲು, ಇನ್ನೊಂದು ಶಾಖಮಾಪಕ. ಆಕೆ ಅಲ್ಲಿ ಕೈಯಿಟ್ಟು ನೋಡಿದಳು. ತಣ್ಣಗಿತ್ತು.

"ಅಮ್ಮ, ಈ ಕಡೆ ಬಿಸಿ, ಆ ಕಡೆ ತಂಪು. ಎರಡೂ ಬೇಕು" ಎಂದಳು ಮಗಳು. "ಇವನ ಮೈಯೊಳಗೆ ನಮ್ಮ ಹಾಗೆ ಕಾವು ಹುಟ್ಟಲ್ಲ. ಬೇಕಾದಾಗ ಕಲ್ಲಿನ ಮೇಲೆ ಹೋಗಿ ಕಾಯಿಸ್ಕೋತಾನೆ, ಸಾಕು ಅನ್ನಿಸಿದ್ರೆ ಈ ಕಡೆ ಬರ್ತಾನೆ. ಅದು ಅವನ ಕೆಲಸ, ನಮ್ಮದಲ್ಲ."

"ಆಯ್ತು."

"ಬಲಗಡೆ ಏನೂ ಮುಟ್ಟಬೇಡ."

"ಆಯ್ತು ಅಂದೆನಲ್ಲ."

"ಸಂಜೆ ಎರಡು ದೀಪನೂ ತಾನಾಗೇ ಆರುತ್ತೆ. ಕತ್ತಲೆ ಬೇಕು ಅವನಿಗೆ. ಪಾಪ ಅಂತ ಮತ್ತೆ ಹಾಕೋಕೆ ಹೋಗಬೇಡ."

"ನಾನೇನು ಚಿಕ್ಕ ಮಗುನಾ?"

ಮಗಳು ಪ್ರಾಣಿಗಳ ಡಾಕ್ಟರ ನಂಬರು ಬರೆದುಕೊಟ್ಟಳು. ಅವರು ಅವಳ ಪರಿಚಯದವರೇ. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, "ಅಮ್ಮ, ಬೇರೆ ಯಾರ ಹತ್ರನೂ ಬಿಡೋಕೆ ಮನಸ್ಸಾಗ್ಲಿಲ್ಲ" ಎಂದಳು. ಎರಡು ವರ್ಷದಲ್ಲಿ ಮಗಳು ತನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆ ಮಾತು ಎಷ್ಟು ದೊಡ್ಡದೆಂದು ತಾಯಿಗೆ ಗೊತ್ತಿತ್ತು. ಈ ಮಾವಯ್ಯನನ್ನು ಚೆನ್ನಾಗಿ ನೋಡಿಕೊಂಡರೆ ಮಗಳು ಹತ್ತಿರವಾಗುತ್ತಾಳೆ. ಹೆಚ್ಚುಕಡಿಮೆಯಾದರೆ ಆ ಕಾಫಿ ಕುಡಿಯುವಷ್ಟು ಹೊತ್ತೂ ಇಲ್ಲವಾಗುತ್ತದೆ. ಆದ್ದರಿಂದಲೇ ಆಕೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಎಡವಟ್ಟಾದದ್ದು ಅಲ್ಲೇ.

ಮೊದಲೆರಡು ದಿನ ಕೈ ಕಟ್ಟಿಕೊಂಡೇ ಇದ್ದಳು. ಮಾವಯ್ಯ ಬೆಳಿಗ್ಗೆ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗುವನು, ಬಿಸಿಯೇರಿದ ಮೇಲೆ ಸೊಪ್ಪು ತಿನ್ನುವನು, ಗಂಡ ಚಿಮಟದಲ್ಲಿ ಹಿಡಿದು ಕೊಟ್ಟ ಮಿಡತೆಯನ್ನು ನಾಲಿಗೆ ಚಾಚಿ ಗಬಕ್ಕನೆ ಎಳೆದುಕೊಳ್ಳುವನು. ಮಧ್ಯಾಹ್ನ ಬಲಗಡೆಗೆ ಹೋಗಿ ಮಡಕೆಯೊಳಗೆ ಸೇರುವನು. ಅವನು ಆ ತಣ್ಣನೆ ಮೂಲೆಗೆ ಹೋದಾಗಲೆಲ್ಲ ಸಿಸ್ಟರ್‌ಗೆ ಎದ್ದು ಹೋಗಿ ಬಗ್ಗಿ ನೋಡದೆ ಸಮಾಧಾನವಿಲ್ಲ. ಅಲ್ಲಿಂದ ಎದ್ದು ಬರಲು ತ್ರಾಣವಿಲ್ಲದೆ ಅಲ್ಲೇ ಬಿದ್ದುಕೊಂಡಿದ್ದರೆ? ಒಂದು ಮಧ್ಯಾಹ್ನ ಅವನ ಕಾಲು ಮುಟ್ಟಿ ನೋಡಿದಳು. ಅಷ್ಟೇ ಸಾಕಾಯಿತು. ಅಂಗೈಗೆ ಹಳೆಯದೆಲ್ಲ ನೆನಪಾಗಿಬಿಟ್ಟಿತು.

ಮೇಜಿನ ದೀಪವನ್ನು ತಂದು ಅದಕ್ಕೆ ಬಿಸಿ ಬಲ್ಬು ಸಿಕ್ಕಿಸಿ ಬಲಗಡೆಯ ಜಾಲರಿಯ ಮೇಲೆ ಬಗ್ಗಿಸಿ ನಿಲ್ಲಿಸಿದಳು. ಪೆಟ್ಟಿಗೆಯ ತಳಕ್ಕೆ ಬಿಸಿನೀರಿನ ಚೀಲ ಬಂತು. ಗಾಳಿ ತಾಗುತ್ತದೆಂದು ಜಾಲರಿಯ ಅರ್ಧಕ್ಕೆ ಮಡಿಸಿದ ಕಂಬಳಿ ಬಂತು. ಸಂಜೆ ದೀಪ ಆರಿದ ಮೇಲೆ ಇನ್ನೊಂದು ಕಂಬಳಿ. ಎರಡೂ ಶಾಖಮಾಪಕ ಒಂದೇ ಅಂಕಿ ತೋರಿಸಿದಾಗ ಆಕೆಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಮಗಳು ಸೇತುವೆ ಓದಿದವಳು, ಜೀವದ ವಿಷಯ ಅವಳಿಗೇನು ಗೊತ್ತು, ಪಾಪ, ಅರ್ಧ ಪೆಟ್ಟಿಗೆಗೆ ದೀಪ ಹಾಕುವುದನ್ನೇ ಮರೆತಿದ್ದಾಳೆ ಎಂದುಕೊಂಡಳು.

"ಅವಳು ಮುಟ್ಟಬೇಡ ಅಂದಿದ್ಲು" ಎಂದ ಗಂಡ, ಬಾಗಿಲ ಕಡೆ ನಡೆಯುತ್ತ.

"ನೀವು ಸುಮ್ನಿರ್ರೀ. ಎಂಥೆಂಥ ಕೂಸು ಉಳಿಸಿದ ಕೈ ಇದು."

ಆತ ಮೆಟ್ಟಿಲ ಮೇಲೆ ಹೋಗಿ ಕೂತ.

ಕೆಲವು ದಿನ ಕಳೆಯುವುದರೊಳಗೆ ಮಾವಯ್ಯ ಸೊಪ್ಪು ಮೂಸುವುದನ್ನೂ ಬಿಟ್ಟ. ಮಿಡತೆ ಮೂಗಿನ ಮೇಲೆ ಹತ್ತಿದರೂ ನೋಡಲಿಲ್ಲ. ಮೈಯ ಕಂದು ಬಣ್ಣ ಇಳಿದು ಸುಣ್ಣದ ನೀರಿನಂತೆ ಬಿಳಚಿಕೊಂಡಿತು. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಬಲಮೂಲೆಯ ಗಾಜಿಗೆ ಮುಂಗಾಲು ಹಚ್ಚಿ ಪರಪರ ಕೆರೆಯುವನು, ದಣಿದು ಬೀಳುವನು, ಮತ್ತೆ ಕೆರೆಯುವನು. ಸಿಸ್ಟರ್ ಇದನ್ನೆಲ್ಲ ನೋಡಿದಳು. ಅವಳಷ್ಟು ನಿಗಾ ಇಟ್ಟು ನೋಡುವವರೇ ಇಲ್ಲ. ಆದರೆ ಅವಳಿಗೆ ಗೊತ್ತಿದ್ದದ್ದು ಕೂಸುಗಳ ಭಾಷೆ. ಕೂಸು ಬಿಳಚಿಕೊಂಡರೆ ಶೀತ. ಕೂಸು ಬಾಯಿ ತೆರೆದರೆ ಹಸಿವು. ಹೀಗಾಗಿ ಬಲ್ಬನ್ನು ಇನ್ನೂ ಹತ್ತಿರಕ್ಕೆ ತಂದಳು, ತೆರೆದ ಬಾಯಿಗೆ ಫಿಲ್ಲರಿನಲ್ಲಿ ಸೊಪ್ಪಿನ ರಸ ಬಿಟ್ಟಳು. ರಸ ಗಡ್ಡದ ಮುಳ್ಳುಗಳ ಮೇಲೆ ಹರಿದು ಹೋಯಿತು. ಇದಕ್ಕಿಂತ ಪ್ರೀತಿಯಿಂದ ಯಾರೂ ಯಾರಿಗೂ ಹಿಂಸೆ ಕೊಟ್ಟಿರಲಾರರು.

ಸಂಜೆ ಮಗಳ ಫೋನು ಬಂತು. ಹಿಂದೆ ನದಿಯ ಸದ್ದು ಕೇಳುತ್ತಿತ್ತು.

"ತಾತ ಹೇಗಿದಾನೆ?"

"ಚೆನ್ನಾಗಿದಾನೆ. ಚೆನ್ನಾಗಿ ತಿಂತಾನೆ" ಎಂದಳು ತಾಯಿ. ಹೇಳುವಾಗ ಪೆಟ್ಟಿಗೆಗೆ ಬೆನ್ನು ತಿರುಗಿಸಿದಳು.

"ಥ್ಯಾಂಕ್ಸ್ ಅಮ್ಮ. ನಿನ್ನ ಹತ್ರ ಇದಾನೆ ಅಂತ ನಾನು ನಿಶ್ಚಿಂತೆಯಾಗಿದೀನಿ."

ಫೋನಿಟ್ಟ ಮೇಲೆ ಆಕೆ ಅಡುಗೆಮನೆಯಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಡಾಕ್ಟರಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಅವರು ಮಗಳಿಗೆ ಹೇಳದೆ ಇರುತ್ತಾರೆಯೇ? ನಾಳೆ ನೋಡೋಣ, ನಾಳೆಗೂ ತಿನ್ನದಿದ್ದರೆ ಖಂಡಿತ ಮಾಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ನಾಳೆ ಬಂದು ಹೋಗಿ ಇನ್ನೊಂದು ನಾಳೆಯೂ ಬಂತು.

ಆ ದಿನ ಊಟ ಮುಗಿಸಿ ಹಜಾರಕ್ಕೆ ಬಂದರೆ ಬಲಗಡೆಯ ಬಲ್ಬು ಆರಿಹೋಗಿದೆ. ಆಕೆ ಸ್ವಿಚ್ಚು ಒತ್ತಿದಳು, ದೀಪ ಅಲ್ಲಾಡಿಸಿದಳು, ಏನೂ ಇಲ್ಲ.

"ರೀ, ಬಲ್ಬು ಹೋಯ್ತು! ಬೇಗ ಹೋಗಿ ಹೊಸದು ತನ್ನಿ. ಇಲ್ಲೇ ತಿರುವಿನಲ್ಲಿದೆಯಲ್ಲ ಅಂಗಡಿ, ಓಡಿ!"

ಗಂಡ ಚಪ್ಪಲಿ ಹುಡುಕುವುದರಲ್ಲೇ ಒಂದಷ್ಟು ಹೊತ್ತು ಕಳೆದ. ಆಮೇಲೆ ಹೋದವನು ಹೋದ. ತಳದ ಬಿಸಿನೀರಿನ ಚೀಲ ಬೆಳಿಗ್ಗೆ ತುಂಬಿದ್ದು, ತಣ್ಣಗಾಗಿತ್ತು. ಅದನ್ನು ತುಂಬಲು ಹೋದರೆ ಇಲ್ಲಿ ಮಾವಯ್ಯ ಏನಾಗುತ್ತಾನೋ ಎಂಬ ಹೆದರಿಕೆಯಲ್ಲಿ ಆಕೆ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತಳು. ಒಳಗೆ ಏನಾಗುತ್ತಿದೆಯೆಂದು ಸರಿಯಾಗಿ ಕಾಣಲೆಂದು ಕಂಬಳಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನೋಡುವುದೊಂದೇ ಉಳಿದದ್ದು.

ನಡುವಿನಲ್ಲಿ ಬಿದ್ದಿದ್ದ ಮಾವಯ್ಯ ಸ್ವಲ್ಪ ಹೊತ್ತಿಗೆ ತಲೆಯೆತ್ತಿದ. ಒಂದು ಕಾಲು ಮುಂದಿಟ್ಟ, ನಿಂತ. ಇನ್ನೊಂದು ಕಾಲು ಇಟ್ಟ. ಹಾಗೇ ಎಳೆದುಕೊಂಡು ಬಲಮೂಲೆಗೆ ಹೋಗಿ, ನೀರಿನ ಬಟ್ಟಲ ಪಕ್ಕದ ತಣ್ಣನೆ ನೆಲಕ್ಕೆ ಗಲ್ಲ, ಹೊಟ್ಟೆ, ಬಾಲ ಎಲ್ಲ ಹಚ್ಚಿ ಮಲಗಿದ. ಇನ್ನು ಮುಗಿಯಿತು ಎಂದುಕೊಂಡಳು ಆಕೆ. ಆದರೆ ತೆರೆದೇ ಇದ್ದ ಆ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು. ಗಲ್ಲದ ಕೆಳಗಿನ ಚರ್ಮ ಪಟಪಟ ಬಡಿದುಕೊಳ್ಳುವುದು ನಿಂತಿತು. ಆಕೆ ಗಾಜಿನ ಹತ್ತಿರಕ್ಕೆ ಬಗ್ಗಿದಳು. ಎಷ್ಟೋ ಹೊತ್ತಾದ ಮೇಲೆ, ಬೆನ್ನಿನ ಮೇಲೆ ಮೊದಲು ಬಾಲದ ಬುಡದಲ್ಲಿ, ಆಮೇಲೆ ಹೆಗಲಿನಲ್ಲಿ, ಕಂದು ಬಣ್ಣ ಒಸರಿದಂತೆ ಕಾಣಿಸಿತು. ಮಾವಯ್ಯ ಬಟ್ಟಲಿಗೆ ಮೂತಿ ಇಟ್ಟು ನೀರು ನೆಕ್ಕಿದ. ಆಮೇಲೆ ಎದ್ದು, ಯಾರೂ ಹೇಳದೆ, ಯಾರೂ ಎತ್ತಿಕೊಂಡು ಹೋಗದೆ, ಪೆಟ್ಟಿಗೆಯ ಉದ್ದಕ್ಕೂ ನಡೆದು ಎಡಗಡೆಯ ಕಲ್ಲು ಹತ್ತಿದ. ಅಲ್ಲಿ ಸ್ವಲ್ಪ ಇದ್ದು ಮತ್ತೆ ಇಳಿದು ತಂಪಿಗೆ ಬಂದ.

ಇದಕ್ಕೆ ಕಾಲಿದೆ ಎಂದು ಆಕೆಗೆ ಆಗ ಹೊಳೆಯಿತು.

ನಗಬೇಡಿ. ಮಿಡತೆ ಹಿಡಿಯಲು ಓಡುವುದನ್ನು ನೋಡಿದ್ದಳು, ಉಗುರು ಎಣಿಸಿದ್ದಳು, ಕಾಲು ಮುಟ್ಟಿ ಶಾಖ ನೋಡಿದ್ದಳು. ಆದರೂ ಕಾಲಿರುವುದು ಹೊಳೆದಿರಲಿಲ್ಲ. ವಾರ್ಡಿನ ಕೂಸುಗಳು ಮಲಗಿಸಿದಲ್ಲೇ ಇರುವಂಥವು. ಸೆಕೆಯಾದರೆ ಆಚೆ ಹೋಗುವಂತಿಲ್ಲ, ಚಳಿಯಾದರೆ ಹತ್ತಿರ ಬರುವಂತಿಲ್ಲ. ಅದಕ್ಕೇ ಅಲ್ಲಿ ಎಲ್ಲ ಮೂಲೆಗೂ ಒಂದೇ ಶಾಖ. ಇಲ್ಲಿ ಹಾಗೆ ಮಾಡಿದರೆ ಹೋಗುವುದಕ್ಕೆ ಜಾಗವೇ ಉಳಿಯುವುದಿಲ್ಲ. ಮಗಳು ಮರೆತಿರಲಿಲ್ಲ. ಅವಳು ಬಿಟ್ಟದ್ದು ಖಾಲಿ ಜಾಗವಲ್ಲ, ತಂಪು. ಗಾಜು ಕೆರೆದದ್ದು ಹಸಿವಿಗಲ್ಲ, ಆಚೆ ಹೋಗಲು ಎಂಬುದೂ ಈಗ ಆಕೆಗೆ ಗೊತ್ತಾಯಿತು. ಆ ಕೂಡಲೇ ಡಾಕ್ಟರಿಗೆ ಫೋನು ಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿದಳು.

"ಅಮ್ಮ, ಅದನ್ನೆಲ್ಲ ತೆಗೆದುಬಿಡಿ. ಅಗಲವಾದ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹೊಟ್ಟೆ ಮುಳುಗೋಷ್ಟು ಮಾತ್ರ, ಸ್ವಲ್ಪ ಹೊತ್ತು ಕೂರಿಸಿ" ಎಂದರು ಡಾಕ್ಟರು. "ನಾಳೆ ಬೆಳಿಗ್ಗೆ ಬಂದು ನೋಡ್ತೀನಿ. ಇನ್ನೂ ಹಾಗೇ ಬಿಟ್ಟಿದ್ರೆ ಉಳೀತಿರಲಿಲ್ಲ, ಬಿಡಿ."

ಗಂಡ ಬಂದಾಗ ಅವನ ಒಂದು ಕೈಯಲ್ಲಿ ಹೊಸ ಬಲ್ಬು, ಇನ್ನೊಂದು ಕೈ ಜೇಬಿನಲ್ಲಿ. ಮೇಜಿನ ದೀಪ, ಬಿಸಿನೀರಿನ ಚೀಲ, ಕಂಬಳಿಗಳು ಎಲ್ಲ ನೆಲದ ಮೇಲೆ ಬಿದ್ದಿದ್ದವು. ಹೆಂಡತಿ ಮಾವಯ್ಯನನ್ನು ಪಾತ್ರೆಯಲ್ಲಿ ಕೂರಿಸಿಕೊಂಡು ಬೆನ್ನಿಗೆ ನೀರು ಹನಿಸುತ್ತಿದ್ದಳು.

"ಆ ಬಲ್ಬು ಬೇಡ" ಎಂದಳು.

ಆತ ಏನೂ ಕೇಳಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಆಕೆ ತಲೆಯೆತ್ತಿ ನೋಡಿದಳು. ಅಂಗಡಿ ಇರುವುದು ತಿರುವಿನಲ್ಲಿ. ಹೋಗಿ ಬರುವಷ್ಟರಲ್ಲಿ ಹಾಲೂ ಉಕ್ಕುವುದಿಲ್ಲ. ಇಷ್ಟು ಹೊತ್ತು ಎಲ್ಲಿದ್ದ? ಎದ್ದು ಹೋಗಿ ಮೇಜಿನ ದೀಪದ ಬಲ್ಬನ್ನು ಒಂದು ಸುತ್ತು ಬಿಗಿ ಮಾಡಿದಳು. ಬಲ್ಬು ಝಗ್ಗೆಂದು ಹತ್ತಿತು.

"ಯಾರು ಸಡಿಲ ಮಾಡಿದ್ದು?"

"ನಾನೇ."

"ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಕೇಳ್ತಿದ್ದೆಯಾ?" ಎಂದ ಆತ. ಸಿಟ್ಟಿನಿಂದ ಹೇಳಲಿಲ್ಲ, ಬಸ್ಸು ಯಾವ ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದ. "ಗಾಜು ಕೆರೀತಿದ್ದದ್ದು ನೋಡೋಕಾಗ್ಲಿಲ್ಲ ಕಣೇ. ನನಗಾದ್ರೆ ಮೆಟ್ಟಿಲಿದೆ. ಅವನಿಗೇನಿದೆ?"

ಆಕೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೈಯಲ್ಲಿದ್ದ ದೀಪವನ್ನು ಕೆಳಗಿಟ್ಟಳು.

"ನೀವು ಬಸ್ಸು ನೋಡೋಕೆ ಕೂರ್ತಿದ್ರಿ ಅಲ್ವಾ?"

"ಬಸ್ಸು ನೋಡಿ ಸಾಕಾಗಿದೆ ನನಗೆ. ಒಳಗೆ ಸೆಕೆ."

"ಮದುವೆ ಆದಾಗಿಂದ?"

"ಮದುವೆ ಆದಾಗಿಂದ" ಎಂದು ಆತ ನಕ್ಕ. "ಚಳಿ ಹತ್ತಿದ ಮೇಲೆ ಒಳಗೆ ಬರ್ತಿದ್ದೆನಲ್ಲ, ದಿನಾ."

ಹೌದು, ದಿನಾ ಬರುತ್ತಿದ್ದ. ಬಂದು ಅವಳ ಪಕ್ಕದಲ್ಲೇ ಕೂರುತ್ತಿದ್ದ. ಅದನ್ನೂ ಆಕೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸ್ವೆಟರಿನ ಗುಂಡಿಗಳನ್ನು ತಾನೇ ಬಿಚ್ಚಿ, "ತೆಗೀರಿ ಅದನ್ನ, ಬೆಂದು ಹೋಗ್ತೀರಿ" ಎಂದಳು. ಆಕೆಯ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಗಂಡ ಗಾಬರಿಯಾಗಿ ಮಾವಯ್ಯನ ಬೆನ್ನಿಗೆ ಎರಡು ಚಮಚ ನೀರು ಹೆಚ್ಚಾಗಿಯೇ ಹಾಕಿದ.

ಮಾವಯ್ಯ ಬದುಕಿಕೊಳ್ಳುವುದು ಒಂದೇ ದಿನದಲ್ಲಿ ಆಗಲಿಲ್ಲ. ಮಗಳು ಬಿಟ್ಟುಹೋದ ಹಾಗೇ ಎಲ್ಲವನ್ನೂ ಮತ್ತೆ ಅಣಿ ಮಾಡಿದರು. ಕಲ್ಲಿನ ಮೇಲಿನ ಬಲ್ಬು ಅದರ ಎತ್ತರಕ್ಕೆ, ಟ್ಯೂಬು ಅದರ ಜಾಗಕ್ಕೆ, ಬಲಗಡೆ ಮಡಕೆ ಮತ್ತು ನೀರು. ಎರಡು ಶಾಖಮಾಪಕಗಳೂ ಬೇರೆ ಬೇರೆ ಅಂಕಿ ತೋರಿಸಿದವು. ಸಂಜೆ ದೀಪ ಆರಿದಾಗ ಕತ್ತಲೆಯ ಪೆಟ್ಟಿಗೆಯ ಮುಂದೆ ನಿಂತು ಕಂಬಳಿ ಹಾಕದೆ ಇರುವುದು ಆಕೆಗೆ ಎಂಥ ಶಿಕ್ಷೆಯೆಂದರೆ, ಒಂದೊಂದು ದಿನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಡಾಕ್ಟರು ಬಂದು ನೋಡಿ, ಸೂಜಿ ಕೊಟ್ಟು, ಕಾಯಬೇಕು ಎಂದರು. ಕಾದರು. ಕೊನೆಗೊಂದು ಬೆಳಿಗ್ಗೆ ಮಾವಯ್ಯ ಕಲ್ಲಿನಿಂದ ಇಳಿದು ಬಂದು, ಒಂದು ಎಲೆಯನ್ನು ಒಂದು ಕಣ್ಣಲ್ಲಿ ನೋಡಿ, ಕಚ್ಚಿದ. ಗಂಡಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅವನು ಅಗಿಯುವುದನ್ನೇ ನೋಡಿದರು. ಕಿಟಕಿಯ ಸಂದಿಯ ಬಟ್ಟೆಯ ಪಟ್ಟಿಯನ್ನು ಆಕೆ ಕಿತ್ತದ್ದು ಅದೇ ದಿನ. ಒಂದು ಕಿಟಕಿಯದು ಮಾತ್ರ. ಎಲ್ಲವನ್ನೂ ಕೀಳುವಷ್ಟು ಆಕೆ ಬದಲಾಗಿರಲಿಲ್ಲ.

ಮಗಳು ಬಂದದ್ದು ಚಳಿ ಶುರುವಾದ ಮೇಲೆ, ಒಂದು ಸಂಜೆ. ಬಿಸಿಲಿಗೆ ಕಪ್ಪಾಗಿದ್ದಳು. ತೆಳ್ಳನೆಯ ಅಂಗಿ, ಕಾಲಿಗೆ ಬರಿಯ ಚಪ್ಪಲಿ. ತಾಯಿಯ ಕಣ್ಣು ನೇರವಾಗಿ ಆ ಪಾದಗಳ ಮೇಲೆ ಬಿತ್ತು. ಆದರೆ ಬಾಯಿ ತೆರೆಯಲಿಲ್ಲ. ಮಗಳು ಪೆಟ್ಟಿಗೆಯ ಮುಂದೆ ಬಗ್ಗಿ ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಜಾಲರಿಯ ಮೇಲೆ ಕೈಯಾಡಿಸಿದಳು. ಅಲ್ಲಿ ಕಂಬಳಿಯ ಒಂದು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಬೆರಳಲ್ಲಿ ಹಿಡಿದು ತಾಯಿಯ ಕಡೆ ತಿರುಗಿದಳು.

"ನಾನು ಅವನನ್ನ ಸಾಯಿಸ್ತಿದ್ದೆ" ಎಂದಳು ತಾಯಿ. "ಎಲ್ಲ ಕಡೆ ಬಿಸಿ ಮಾಡಿಬಿಟ್ಟಿದ್ದೆ. ಫೋನಿನಲ್ಲಿ ಹೇಳಿದ್ದು ಸುಳ್ಳು. ನಿಮ್ಮಪ್ಪ ಇಲ್ಲದಿದ್ರೆ ಇವನು ಇರ್ತಿರಲಿಲ್ಲ."

ಮಗಳು ಪೆಟ್ಟಿಗೆಯೊಳಗಿನ ತಾತನ ಕಡೆ ನೋಡಿದಳು.

"ನಿನ್ನನ್ನೂ ಹಾಗೇ ಮಾಡಿದೆ" ಎಂದಳು ತಾಯಿ. ಇದನ್ನು ಹೇಳಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡಿದ್ದಳು. "ನಿನಗೆ ಕಾಲು ಬಂದಿದೆ ಅನ್ನೋದು ನನಗೆ ಗೊತ್ತೇ ಆಗ್ಲಿಲ್ಲ."

ಮಗಳು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಆಮೇಲೆ ಹೊರಗೆ ಹೋಗಿ ಅಪ್ಪನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಕೈಚೀಲ ಅವಳ ಹೆಗಲಲ್ಲೇ ಇತ್ತು. ಇನ್ನು ಅಲ್ಲಿಂದಲೇ ಹೊರಟುಬಿಡುತ್ತಾಳೆ ಎಂದುಕೊಂಡಳು ತಾಯಿ. ತಡೆಯುವ ಮಾತು ಒಂದಲ್ಲ ಹತ್ತು ಬಾಯಿಗೆ ಬಂತು. ಹೊರಗೆ ಗಾಳಿ ಇದೆ, ಶಾಲು ಹೊದ್ದುಕೋ, ಕಾಲುಚೀಲ ಕೊಡಲೇ. ಒಂದನ್ನೂ ಆಡದೆ ಅಡುಗೆಮನೆಗೆ ಹೋಗಿ, ಒಲೆ ಹೊತ್ತಿಸಿ, ಹಾಲಿಟ್ಟು, ಪಕ್ಕದ ಮಣೆಯ ಮೇಲೆ ಕೂತಳು. ಮುಂಬಾಗಿಲನ್ನು ಮಾತ್ರ ತೆರೆದೇ ಇಟ್ಟಿದ್ದಳು. ತಣ್ಣನೆ ಗಾಳಿ ಮನೆಯೊಳಗೆಲ್ಲ ತಿರುಗಾಡಿತು.

ಹೊರಗೆ ಅಪ್ಪಮಗಳು ಏನೋ ಮಾತಾಡಿಕೊಳ್ಳುವುದು, ಒಮ್ಮೆ ನಗುವುದು ಕೇಳಿಸಿತು. ಹಾಲು ಕಾಯಿತು. ಆಕೆ ಒಲೆ ಸಣ್ಣ ಮಾಡಿದಳು. ಕತ್ತಲಾಗುತ್ತಿದ್ದ ಹಾಗೆ ಹಜಾರದಲ್ಲಿ ಟಕ್ಕೆಂದು ಮಾವಯ್ಯನ ದೀಪ ತಾನಾಗಿ ಆರಿತು. ಸ್ವಲ್ಪ ಹೊತ್ತಿಗೆ ಗೋಡೆಯ ಮೊಳೆಗೆ ಏನನ್ನೋ ನೇತುಹಾಕಿದ ಸದ್ದಾಯಿತು. ಮಗಳು ಅಡುಗೆಮನೆಯ ಬಾಗಿಲಿಗೆ ಬಂದಾಗ ಅವಳ ಹೆಗಲಲ್ಲಿ ಕೈಚೀಲ ಇರಲಿಲ್ಲ.

"ಹೊರಗೆ ಚಳಿ" ಎಂದಳು.

"ಹೂಂ" ಎಂದಳು ತಾಯಿ.

ಮಗಳು ಒಲೆಯ ಹತ್ತಿರ ಬಂದು, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ ನೆಲದ ಮೇಲೆ ಕೂತು, ಮಂಜಿನಂತಿದ್ದ ಎರಡೂ ಪಾದಗಳನ್ನು ಅಮ್ಮನ ಮಡಿಲಿಗೆ ಚಾಚಿದಳು. "ಇವತ್ತು ಇಲ್ಲೇ ಮಲಗ್ತೀನಿ" ಎಂದಳು. ಕಂಬಳಿ ಕೈಗೆಟುಕುವಷ್ಟು ಹತ್ತಿರದಲ್ಲೇ, ಅಡುಗೆಮನೆಯ ಕುರ್ಚಿಯ ಬೆನ್ನಿನ ಮೇಲೆ ಇತ್ತು. ತಾಯಿ ಅದರ ಕಡೆ ಕೈ ಚಾಚಲಿಲ್ಲ. ಆ ಪಾದಗಳನ್ನು ಎರಡು ಅಂಗೈಗಳಲ್ಲಿ ಹಿಡಿದುಕೊಂಡು, ಮಗಳು ಸಾಕು ಎಂದು ತಾನೇ ಎಳೆದುಕೊಳ್ಳುವವರೆಗೆ, ಸುಮ್ಮನೆ ಕೂತಳು.